ಸೀಟು ಕಿತ್ತರೆ ಬಸ್ಸು ಹಸಿರಾಗದು

ಹಳೆಯ ಬಸ್ಸು ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಎರಡು ಮಂಚ, ಒಂದು ಅಡುಗೆಕಟ್ಟೆ, ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಗೆಳೆಯರೊಂದಿಗೆ ಊರೂರು ಸುತ್ತುವ ಕನಸಿಗೆ ಈಚೆಗೆ ‘ಪರಿಸರಸ್ನೇಹಿ’ ಎಂಬ ಬಿರುದೂ ಅಂಟಿಕೊಂಡಿದೆ. ಬಿರುದು ಪೂರ್ತಿ ಸುಳ್ಳಲ್ಲ, ಆದರೆ ಪುಕ್ಕಟೆಯಾಗಿ ಸಿಗುವಂಥದ್ದೂ ಅಲ್ಲ. ಬಡಗಿಯನ್ನು ಕರೆಯುವ ಮೊದಲು ಒಂದು ಲೆಕ್ಕ ಹಾಕಿ ನೋಡಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ; ಪೆಟ್ರೋಲಿನದು 2.31 ಕಿಲೋ. ಬೆಂಗಳೂರಿನಿಂದ ಹೊರಟು ಜೋಗ, ಶಿರಸಿ, ಗೋಕರ್ಣ, ಉಡುಪಿ ನೋಡಿಕೊಂಡು ವಾಪಸಾಗಲು ಒಳದಾರಿಗಳೂ ಸೇರಿ 1200 ಕಿ.ಮೀ. ಎಂದಿಟ್ಟುಕೊಳ್ಳೋಣ. ಲೀಟರಿಗೆ 5 ಕಿ.ಮೀ. ಕೊಡುವ ದೊಡ್ಡ ಬಸ್ಸು ಇದಕ್ಕೆ 240 ಲೀಟರ್ ಡೀಸೆಲ್ ಕುಡಿದು ಸುಮಾರು 643 ಕಿಲೋ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಒಳಗೆ ಎಂಟು ಜನರಿದ್ದರೆ ತಲೆಗೆ 80 ಕಿಲೋ. ಅದೇ ಎಂಟು ಜನ ಲೀಟರಿಗೆ 15 ಕೊಡುವ ಎರಡು ಪೆಟ್ರೋಲ್ ಕಾರುಗಳಲ್ಲಿ ಹೋದರೆ ತಲೆಗೆ 46 ಕಿಲೋ ಮಾತ್ರ. ಅಂದರೆ ಹಸಿರು ಬಣ್ಣ ಬಳಿದುಕೊಂಡ ಬಸ್ಸಿಗಿಂತ ಮಾಮೂಲಿ ಕಾರೇ ವಾಸಿ. ದೊಡ್ಡ ಬಸ್ಸು ಕಾರಿನ ಸಮಕ್ಕೆ ಬರಬೇಕಾದರೆ ಹದಿನಾಲ್ಕು ಮಂದಿಯಾದರೂ ಹತ್ತಬೇಕು.

ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಬಸ್ಸು ಪರಿಸರಕ್ಕೆ ಒಳ್ಳೆಯದು ಎಂಬ ಮಾತು ಹುಟ್ಟಿದ್ದೇ ಅದು ಒಂದು ಎಂಜಿನ್ನಿನಲ್ಲಿ ಐವತ್ತು ಜನರನ್ನು ಒಯ್ಯುತ್ತದೆ ಎಂಬ ಕಾರಣಕ್ಕೆ. ಸೀಟು ಕಿತ್ತು ನಾಲ್ಕು ಜನರ ಮನೆ ಮಾಡಿದ ಕೂಡಲೇ ಆ ಗುಣವೇ ಹೋಗಿ ಉಳಿಯುವುದು ಹೊಗೆ ಕಾರುವ ಭಾರದ ಡಬ್ಬ. ಹಾಗಾಗಿ ಮಾರ್ಪಾಡಿನ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದದ್ದು ಒಂದೇ: ಇದರಿಂದ ತಲೆಗೆ ಬೀಳುವ ಡೀಸೆಲ್ ಕಡಿಮೆಯಾಗುತ್ತದೋ, ಹೆಚ್ಚುತ್ತದೋ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಮೊದಲ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ದೊಡ್ಡ ಬಸ್ಸು ಬೇಡ, ಮಿನಿ ಬಸ್ಸು ಅಥವಾ ಟೆಂಪೋ ಟ್ರಾವೆಲರ್ ಸಾಕು. ಲೀಟರಿಗೆ 9 ಕೊಡುವ ಗಾಡಿ ಮೇಲಿನ ದಾರಿಗೆ 133 ಲೀಟರ್ ಬಳಸುತ್ತದೆ. ಎಂಟನೆಯವರು ಹತ್ತಿದಾಗ ಕಾರಿನ ಲೆಕ್ಕಕ್ಕೆ ಸಮನಾಗಿ, ಹನ್ನೆರಡು ಜನವಾದರೆ ತಲೆಗೆ 30 ಕಿಲೋಗೆ ಇಳಿಯುತ್ತದೆ. ನಾಲ್ಕೇ ಜನ ಹೋದರೆ ಮಾತ್ರ 89 ಕಿಲೋ, ಕಾರಿನ ಹತ್ತಿರಹತ್ತಿರ ಎರಡರಷ್ಟು. ಚಿಕ್ಕ ಗಾಡಿಗೆ ಬೇರೆ ಅನುಕೂಲಗಳೂ ಇವೆ. ಒಟ್ಟು ತೂಕ 7500 ಕಿಲೋ ಮೀರದ ವಾಹನವನ್ನು ಹಗುರ ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು. ಈ ಮಿತಿಯೊಳಗೆ ಸಾರಿಗೆ ವಾಹನಗಳೂ ಸೇರುತ್ತವೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಸರ್ಕಾರಿ ಸಾರಿಗೆಯೇ ಮಿನಿ ಬಸ್ಸು ಓಡಿಸುತ್ತದೆ. ಅಲ್ಲಿ ನಲವತ್ತಡಿ ಗಾಡಿಯ ಮಾತೇ ಬೇಡ.

ಇನ್ನು ‘ಹಳೆಯದು’ ಅಂದರೆ ಎಷ್ಟು ಹಳೆಯದು? ಸಿನಿಮಾದಲ್ಲಿ ನೋಡಿದ ದುಂಡುಮೂತಿಯ ಬಸ್ಸಿನ ಮೋಹ ಬಿಡುವುದು ಒಳ್ಳೆಯದು. ದೇಶದಾದ್ಯಂತ ವಾಹನದ ಹೊಗೆಗೆ ಬಿಎಸ್-4 ಮಾನದಂಡ ಜಾರಿಗೆ ಬಂದದ್ದು 2017ರ ಏಪ್ರಿಲ್ 1ರಿಂದ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ರಿಂದ. ಈ ಎರಡು ದಿನಾಂಕಗಳ ನಡುವಿನ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತಿವೆ. ಹೊಗೆ ಕಡಿಮೆ, ನೋಂದಣಿಯ ಹದಿನೈದು ವರ್ಷ ತುಂಬಲು ಇನ್ನೂ ಸಮಯವಿದೆ. ಅದಕ್ಕಿಂತ ಹಳೆಯ ಡೀಸೆಲ್ ಗಾಡಿ ಅಗ್ಗವಾಗಿ ಸಿಕ್ಕಬಹುದು. ಆದರೆ ಮಸಿ ಹೊಗೆಯ ವಿಷಯದಲ್ಲಿ ಅದಕ್ಕೂ ಇದಕ್ಕೂ ಅಜಗಜಾಂತರ. ಹಳೆಯ ಡೀಸೆಲ್ ಗಾಡಿಗೆ ದೆಹಲಿ ಕಡೆ ಹೋಗುವುದೇ ತಲೆನೋವು. ಕೆಎಸ್‌ಆರ್‌ಟಿಸಿ ಹರಾಜಿನಲ್ಲಿ ಬಸ್ಸು ಹಿಡಿಯುವ ಯೋಚನೆಯೂ ಹಲವರಿಗಿರುತ್ತದೆ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ, ಸಾರಿಗೆ ನಿಗಮಗಳ ಬಸ್ಸುಗಳಿಗೂ ಇದೇ ನಿಯಮ. ಗುಜರಿ ಎಂದು ಮಾರಿದ ಬಸ್ಸು ರಸ್ತೆಗೆ ಮರಳದು. ಅಂಥ ಬಸ್ಸಿಗೆ ನಿಂತಲ್ಲೇ ಒಳ್ಳೆಯ ಮರುಜನ್ಮವಿದೆ. 2020ರಲ್ಲಿ ನಿಗಮವೇ ತನ್ನ ಹಳೆಯ ಬಸ್ಸನ್ನು ಮೆಜೆಸ್ಟಿಕ್‌ನಲ್ಲಿ ‘ಸ್ತ್ರೀ ಶೌಚಾಲಯ’ ಮಾಡಿತು. ತೋಟದಂಚಿನಲ್ಲಿ ಅತಿಥಿಗಳಿಗೆ ಕೋಣೆ ಬೇಕೆನ್ನುವವರು ಗುಜರಿ ಬಸ್ಸು ಕೊಳ್ಳಲಿ. ತಿರುಗಾಟಕ್ಕೆ ಬೇಕೆನ್ನುವವರು ಶಾಲೆಯೊಂದು ಮಾರುತ್ತಿರುವ ಹಳದಿ ವ್ಯಾನು ನೋಡಲಿ. ದಿನಕ್ಕೆ ಹತ್ತಾರು ಕಿ.ಮೀ. ಮಾತ್ರ ಓಡಿದ ಗಾಡಿಯಾದ್ದರಿಂದ ಎಂಜಿನ್ ಅಷ್ಟಾಗಿ ಸವೆದಿರುವುದಿಲ್ಲ.

ಕೊಳ್ಳುವಾಗ ಬಣ್ಣ ನೋಡಬೇಡಿ, ಹೊಟ್ಟೆಯಡಿ ಮಲಗಿ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯನ್ನು ಉಪ್ಪುಗಾಳಿ ತಿಂದಿರುತ್ತದೆ. ಬಳ್ಳಾರಿ, ಚಿತ್ರದುರ್ಗದ ಒಣಸೀಮೆಯ ಗಾಡಿಯ ಚಾಸಿ ಸಾಮಾನ್ಯವಾಗಿ ಗಟ್ಟಿ. ಚಕ್ರದ ಮೇಲಿನ ಕಮಾನು, ಮೆಟ್ಟಿಲಿನ ತಳ, ನೆಲದ ಹಲಗೆಯನ್ನು ಹೊರುವ ಅಡ್ಡಪಟ್ಟಿ, ಈ ಮೂರು ಕಡೆ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿದರೆ ಸಾಕು. ತುಕ್ಕು ಬರೀ ಮೇಲ್ಮೈಯದಾದರೆ ಪುಡಿ ಉದುರುತ್ತದೆ, ಒಳಗಿಳಿದಿದ್ದರೆ ತುದಿ ಬಿಸ್ಕತ್ತಿಗೆ ಚುಚ್ಚಿದಂತೆ ಒಳಹೋಗುತ್ತದೆ. ಹೊಸ ಕಪ್ಪುಬಣ್ಣ ದಪ್ಪಗೆ ಬಳಿದಿದ್ದರಂತೂ ಎರಡು ಸಲ ಒತ್ತಿ ನೋಡಿ. ಆಮೇಲೆ ಎಂಜಿನ್. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು, ಮಾರುವವರು ಮೊದಲೇ ಕಾಯಿಸಿಟ್ಟಿದ್ದರೆ ಇನ್ನೊಂದು ದಿನ ಬರುವುದೇ ಲೇಸು. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬೋರಿಗೆ ಬಂದಿದೆ ಎಂದರ್ಥ. ಕಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ರೇಡಿಯೇಟರ್ ನೀರು ಒಳಸೇರುತ್ತಿರಬಹುದು. ಕಪ್ಪು ಹೊಗೆ ಹೆಚ್ಚಾಗಿ ಏರ್ ಫಿಲ್ಟರಿನದೋ ನಾಝಲಿನದೋ ದೋಷ, ಅದನ್ನು ಸರಿಪಡಿಸಬಹುದು. ಕೈಲಿರುವ ದುಡ್ಡು ಮೊದಲು ಹೋಗಬೇಕಾದದ್ದು ಬ್ರೇಕು, ಟೈರು, ನಾಝಲು, ಪಂಪುಗಳಿಗೆ. ಮರಗೆಲಸ ಕಾಯಬಲ್ಲದು. ಮೈಲೇಜು ಲೀಟರಿಗೆ 7ರಿಂದ 9ಕ್ಕೇರಿದರೆ ಉಳಿಯುವ ಇಂಧನ ಯಾವ ಬಿದಿರಿನ ಅಲಂಕಾರದಿಂದಲೂ ಉಳಿಯದು.

ಇಲ್ಲೊಂದು ಆಕ್ಷೇಪ ಬರುತ್ತದೆ. ಹಳೆಯ ಗಾಡಿಯನ್ನು ಮತ್ತೆ ಬಳಸುವುದೇ ದೊಡ್ಡ ಪರಿಸರ ಸೇವೆಯಲ್ಲವೇ? ಹೊಸ ಕ್ಯಾಂಪರ್ ವ್ಯಾನ್ ತಯಾರಿಸಲು ಎಷ್ಟು ಉಕ್ಕು, ಗಾಜು, ವಿದ್ಯುತ್ತು ಬೇಕು! ಮಾತು ಅರ್ಧ ನಿಜ. ತಯಾರಿಕೆಯ ಹೊರೆ ಉಳಿಯುತ್ತದೆ, ಸರಿ. ಆದರೆ ಗುಜರಿಗೆ ಹೋದ ಉಕ್ಕು ಮಣ್ಣುಪಾಲಾಗುವುದಿಲ್ಲ, ಕರಗಿ ಮತ್ತೆ ಉಕ್ಕಾಗುತ್ತದೆ. ಡೀಸೆಲ್ ವಾಹನದ ಜೀವಮಾನದ ಇಂಗಾಲದಲ್ಲಿ ಸಿಂಹಪಾಲು ಓಡಾಟದ್ದು, ತಯಾರಿಕೆಯದ್ದಲ್ಲ. ಹಾಗಾಗಿ ವರ್ಷಕ್ಕೆ ಎರಡು ಮೂರು ಸಾವಿರ ಕಿ.ಮೀ. ಓಡಿ ಉಳಿದ ದಿನ ಸುಮ್ಮನೆ ನಿಲ್ಲುವ ಗಾಡಿಗೆ ಮರುಬಳಕೆಯ ವಾದ ಒಪ್ಪುತ್ತದೆ. ವರ್ಷವಿಡೀ ದೇಶ ಸುತ್ತುತ್ತೇವೆ ಎನ್ನುವವರಿಗೆ ಒಪ್ಪುವುದಿಲ್ಲ, ಅವರಿಗೆ ಕಡಿಮೆ ಹೊಗೆಯ ಹೊಸ ಎಂಜಿನ್ನೇ ಮೇಲು. ಹಳೆಯ ಬಸ್ಸಿನ ಪ್ರವಾಸ ನಿಜಕ್ಕೂ ಹಸಿರಾಗುವುದು ಒಂದೇ ಊರಲ್ಲಿ ನಾಲ್ಕು ದಿನ ತಂಗುವವರ ಕೈಯಲ್ಲಿ. ದಿನಕ್ಕೆ ಮುನ್ನೂರು ಕಿ.ಮೀ. ಓಡಿಸಿ ಸೆಲ್ಫಿ ಮುಗಿಸುವವರಿಗೆ ಲಾಡ್ಜೇ ಸರಿ.

ಕಾನೂನಿನ ಮಾತು ಬೇಸರದ್ದು, ಆದರೂ ಆಣಿ ಹೊಡೆಯುವ ಮೊದಲೇ ಮುಗಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಗ್ಯಾರೇಜಿನವರು ‘ಎಲ್ಲ ನಾವೇ ಮಾಡಿಸಿಕೊಡ್ತೀವಿ’ ಅಂದರೂ ಆರ್‌ಟಿಒ ಕಚೇರಿಗೆ ನೀವೇ ಹೋಗಿ, ನಕ್ಷೆ ತೋರಿಸಿ, ಯಾವುದಕ್ಕೆ ಅನುಮತಿ ಸಿಗುತ್ತದೆ, ತೆರಿಗೆ ಹೇಗೆ ಬದಲಾಗುತ್ತದೆ ಎಂದು ಲಿಖಿತವಾಗಿ ಕೇಳಿ. ಚಾವಣಿ ಎತ್ತರಿಸುವುದು, ಪಕ್ಕದ ತಗಡು ಕತ್ತರಿಸುವುದು, ಚಾಸಿಗೆ ವೆಲ್ಡಿಂಗ್ ಮಾಡಿಸುವುದು, ಇವು ಮೂರನ್ನೂ ದೂರವಿಡಿ. ಆರ್‌ಸಿಯಲ್ಲಿ ಬರೆದ ಸೀಟಿನ ಸಂಖ್ಯೆ ಮತ್ತು ಒಳಗಿನ ಸೀಟು ತಾಳೆಯಾಗಬೇಕು. ಹಳದಿ ಬೋರ್ಡಿನ ಗಾಡಿಯನ್ನು ಸ್ವಂತಕ್ಕೆ ಬದಲಿಸುವುದಾದರೆ ಪರ್ಮಿಟ್ ಒಪ್ಪಿಸಬೇಕು. ಬಿಳಿ ಬೋರ್ಡಾದ ಮೇಲೆ ಗೆಳೆಯರ ಗೆಳೆಯರಿಂದ ತಲೆಗಿಷ್ಟು ಎಂದು ಬಾಡಿಗೆ ಎತ್ತಕೂಡದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಕಷ್ಟಕಾಲದಲ್ಲಿ ಕ್ಲೇಮು ಕೈಕೊಡುತ್ತದೆ.

ಈಗ ಒಳಗಿನ ಕೆಲಸ. ಹದಿನೇಳು ಸೀಟಿನ ಗಾಡಿಯಲ್ಲಿ ಹನ್ನೊಂದು ಹನ್ನೆರಡನ್ನಾದರೂ ಉಳಿಸಿಕೊಳ್ಳಿ. ಮುಖ ಮುಂದಕ್ಕಿರಲಿ, ಬೆಲ್ಟ್ ಇರಲಿ. ಹಿಂದಿನ ಆರಡಿ ಜಾಗವಷ್ಟೇ ಅಡುಗೆ, ನೀರು, ಸಾಮಾನಿಗೆ. ಹಾಗಾದರೆ ಮಲಗುವುದೆಲ್ಲಿ? ಗುಡಾರದಲ್ಲಿ. ಇಬ್ಬರ ಗುಡಾರ ಮೂರು ಕಿಲೋ ತೂಗುತ್ತದೆ, ಇಬ್ಬರ ಪ್ಲೈವುಡ್ ಮಂಚ ಕಬ್ಬಿಣದ ಚೌಕಟ್ಟು ಸೇರಿ ಐವತ್ತು ಕಿಲೋ ದಾಟುತ್ತದೆ. ವಯಸ್ಸಾದವರೋ ಮಂಡಿನೋವಿನವರೋ ಇದ್ದರೆ ಹಿಂದಿನ ಎರಡು ಸಾಲು ಸೀಟಿನ ಮೇಲೆ ಹಾಸುವ ಹಲಗೆ, ಅದರ ಮೇಲೆ ಹಾಸಿಗೆ ಸಾಕು, ಬೆಳಿಗ್ಗೆ ಎತ್ತಿಟ್ಟರೆ ಸೀಟು ಸೀಟೇ. ಬಸ್ಸನ್ನು ಮನೆ ಎಂದುಕೊಳ್ಳದೆ ಅಡುಗೆಮನೆ ಮತ್ತು ಜಗಲಿ ಎಂದುಕೊಂಡರೆ ಅರ್ಧ ಭಾರ ತಾನಾಗಿ ಇಳಿಯುತ್ತದೆ. ಹಲಗೆ ಬೇಕಾದೆಡೆ 19 ಎಂಎಂ ಬದಲು 12 ಎಂಎಂ ಬಳಸಿ, ಕಿತ್ತ ಸೀಟಿನ ಪೈಪುಗಳನ್ನೇ ಕಾಲಿಗೆ ಬಳಸಿ. ಚಾವಣಿಗೆ ಹೊರಗಿನಿಂದ ಬಿಳಿ ಬಣ್ಣ ಬಳಿಯುವುದು ಅತಿ ಅಗ್ಗದ, ತೂಕವೇ ಇಲ್ಲದ ತಂಪು.

ಸೋಲಾರ್ ಬಗ್ಗೆ ಭ್ರಮೆ ಹೆಚ್ಚು. ಮಿನಿ ಬಸ್ಸಿನ ಚಾವಣಿಯಲ್ಲಿ 400 ವ್ಯಾಟಿನ ಎರಡು ಪ್ಯಾನೆಲ್ ಆರಾಮವಾಗಿ ಕೂರುತ್ತವೆ. ನಮ್ಮ ಬಿಸಿಲಿಗೆ ಒಳ್ಳೆಯ ದಿನ ಮೂರು ಯೂನಿಟ್ಟಿನಷ್ಟು ಕರೆಂಟು ಬರುತ್ತದೆ. ಎಲೆಕ್ಟ್ರಿಕ್ ದೊಡ್ಡ ಬಸ್ಸಿಗೆ ಒಂದು ಕಿ.ಮೀ. ಓಡಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚೇ ಬೇಕು. ಅಂದರೆ ಇಡೀ ದಿನದ ಬಿಸಿಲು ಆ ಬಸ್ಸನ್ನು ಬಸ್‌ಸ್ಟ್ಯಾಂಡಿನಿಂದ ಮುಂದಿನ ಸರ್ಕಲ್ಲಿನಾಚೆ ದಾಟಿಸೀತು, ಅಷ್ಟೇ. ಆದರೆ ಒಳಗಿನ ಬಳಕೆಗೆ ಅದು ಧಾರಾಳ. 5 ವ್ಯಾಟಿನ ಎಂಟು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 200 ವ್ಯಾಟ್-ಅವರ್, 28 ವ್ಯಾಟಿನ ನಾಲ್ಕು ಬಿಎಲ್‌ಡಿಸಿ ಫ್ಯಾನು ಹತ್ತು ಗಂಟೆ ತಿರುಗಿದರೆ 1120, ಚಿಕ್ಕ ಡಿಸಿ ಫ್ರಿಜ್ಜಿಗೆ ಸುಮಾರು 500, ಫೋನು ಲ್ಯಾಪ್‌ಟಾಪಿಗೆ ಇನ್ನೊಂದು 400. ಒಟ್ಟು ಸುಮಾರು ಎರಡೂಕಾಲು ಯೂನಿಟ್. 12 ವೋಲ್ಟ್, 200 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡೂವರೆ ಯೂನಿಟ್ ಹಿಡಿಯುತ್ತದೆ. ಇಷ್ಟನ್ನೇ ಕೊಡಲು ಲೆಡ್ ಆಸಿಡ್ ಬ್ಯಾಟರಿಗಳು ಮೂರು ಬೇಕಾಗಿ, ಒಂದೂವರೆ ಕ್ವಿಂಟಾಲ್ ಭಾರ ಏರುತ್ತದೆ. ಎಸಿ ಮಾತ್ರ ಕೂಡದು. ಒಂದು ಟನ್ನಿನ ಎಸಿ ಆರು ಗಂಟೆ ಓಡಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಸೆಕೆಯಾದರೆ ಬದಲಿಸಬೇಕಾದದ್ದು ದಾರಿ ಮತ್ತು ತಿಂಗಳು: ಏಪ್ರಿಲಿನಲ್ಲಿ ಕರಾವಳಿ ಬೇಡ, ನವೆಂಬರಿನಲ್ಲಿ ಹೋಗಿ. ಇನ್ನೊಂದು ಪೇಚು ಇದೆ. ಗಾಡಿ ನೆರಳಲ್ಲಿ ನಿಲ್ಲಬೇಕು, ಪ್ಯಾನೆಲ್ ಬಿಸಿಲಲ್ಲಿ ಇರಬೇಕು. ಅದಕ್ಕೇ ಒಂದು ಪ್ಯಾನೆಲನ್ನು ಚಾವಣಿಗೆ ಬಿಗಿಯದೆ ಹತ್ತು ಮೀಟರ್ ವೈರಿನೊಂದಿಗೆ ಬಿಡಿಯಾಗಿ ಇಟ್ಟುಕೊಳ್ಳುವುದು ಜಾಣತನ.

ವೈರಿಂಗಿನಲ್ಲಿ ಉಳಿತಾಯ ಮಾಡಬೇಡಿ. 2025ರ ಅಕ್ಟೋಬರಿನಲ್ಲಿ ಜೈಸಲ್ಮೇರ್ ಬಳಿ ಉರಿದುಹೋದ ಬಸ್ಸು ಸಾಧಾರಣ ಬಸ್ಸನ್ನು ಎಸಿಗೆ ಮಾರ್ಪಡಿಸಿದ್ದು. ಅದೇ ತಿಂಗಳು ಕರ್ನೂಲ್ ಬಳಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸೂ ಬೂದಿಯಾಯಿತು. 2013ರಲ್ಲಿ ಪಾಲೆಂ ಬಳಿ ಸುಟ್ಟ ಬಸ್ಸಿನಲ್ಲಿ ಸತ್ತವರು 45 ಮಂದಿ. ಬಸ್ಸಿನಲ್ಲಿ ಬೆಂಕಿ ಹರಡಲು ನಿಮಿಷಗಳು ಸಾಕು, ಹೊರಬರುವ ದಾರಿ ಒಂದೇ ಇದ್ದರೆ ಸಾಲದು. ಆದ್ದರಿಂದ ತುರ್ತು ಬಾಗಿಲಿಗೆ ಅಡ್ಡವಾಗಿ ಬೀರು ಕೂರಿಸಬೇಡಿ, ಕಿಟಕಿ ಒಡೆಯುವ ಸುತ್ತಿಗೆ ಕೈಗೆಟಕುವಲ್ಲಿರಲಿ, ಅಡುಗೆ ಜಾಗದಲ್ಲೊಂದು ಚಾಲಕರ ಬಳಿಯೊಂದು ಪೌಡರ್ ಅಗ್ನಿಶಾಮಕ ಇರಲಿ. ಥರ್ಮಕೋಲ್, ಅಗ್ಗದ ಫೋಮು, ಪರದೆ ಬಟ್ಟೆಯ ಅಲಂಕಾರ ಬೇಡ. 12 ವೋಲ್ಟು ಎಂದರೆ ಅಪಾಯವಿಲ್ಲ ಎಂದು ಅನೇಕರು ನಂಬುತ್ತಾರೆ. 1000 ವ್ಯಾಟಿನ ಇನ್ವರ್ಟರ್ 12 ವೋಲ್ಟಿನಲ್ಲಿ 80 ಆಂಪಿಯರ್ ಮೀರಿ ಎಳೆಯುತ್ತದೆ. ಮನೆಯ ಪ್ಲಗ್ಗಿಗೆ ಬಳಸುವ ವೈರು ಹಾಕಿದರೆ ಅದು ವಿಪರೀತ ಕಾದು ಹೊದಿಕೆ ಕರಗುತ್ತದೆ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಫ್ಯೂಸು, ತಗಡಿನ ತೂತಿನಲ್ಲಿ ವೈರು ಹಾಯುವ ಪ್ರತಿ ಜಾಗಕ್ಕೂ ರಬ್ಬರ್ ಬುಷ್ ಹಾಕಿಸಲೇಬೇಕು. ಗಾಡಿಯ ಅಲುಗಾಟಕ್ಕೆ ವೈರಿನ ಮೈ ಸವೆದು ಕಿಡಿ ಹಾರುವುದು ಇಂಥ ತೂತುಗಳಲ್ಲೇ.

ಅಡುಗೆಗೆ 5 ಕಿಲೋದ ಚಿಕ್ಕ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಿಲಿಂಡರಿನ ಪಕ್ಕ ನೆಲದಲ್ಲಿ ಜಾಲರಿ ಹಾಕಿದ ತೂತು ಬೇಕು, ಕಿಟಕಿ ತೆರೆದರೆ ಸಾಲದು. ಓಡುವಾಗ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು. ಇನ್ನು ನೀರು. ಹನ್ನೆರಡು ಜನಕ್ಕೆ ಕುಡಿಯಲು, ಅಡುಗೆಗೆ, ಪಾತ್ರೆಗೆ ತಲಾ ಹತ್ತು ಲೀಟರ್ ಎಂದರೂ ದಿನಕ್ಕೆ 120 ಲೀಟರ್, ಅಷ್ಟೇ ಕಿಲೋ. ಎರಡು ದಿನಕ್ಕಿಂತ ಹೆಚ್ಚು ಹೊರುವುದು ಡೀಸೆಲ್ ದಂಡ. ಟ್ಯಾಂಕು ನೆಲಮಟ್ಟದಲ್ಲಿ, ಎರಡು ಚಕ್ರಗಳ ನಡುವೆ ಇರಲಿ, ಚಾವಣಿಯ ಮೇಲೆ ಬೇಡ. ಪಾತ್ರೆ ತೊಳೆದ ನೀರಿಗೆ ಬೇರೆ ಕ್ಯಾನು ಇಟ್ಟು ಹೊಳೆಯಿಂದ ದೂರ ಮಣ್ಣಿಗೆ ಸುರಿಯಬೇಕು. ಸೋಪಿನ ಬದಲು ಅಂಟುವಾಳ ಬಳಸುತ್ತೇವೆ, ಹೊಳೆಗೆ ಬಿಟ್ಟರೇನು ಎನ್ನುವವರಿದ್ದಾರೆ. ಅಂಟುವಾಳದ ನೊರೆ ಮೀನಿಗೆ ವಿಷ. ಶೃಂಗೇರಿ, ಶಿಶಿಲದ ಮಡುಗಳ ಹತ್ತಿರ ತಂಗುವವರು ಇದನ್ನು ನೆನಪಿಡಲಿ. ಶೌಚಕ್ಕೆ ಮೂತ್ರ ಬೇರ್ಪಡಿಸುವ ಒಣ ಕಮೋಡು ಒಳ್ಳೆಯದು. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ, ಮೇಲೊಂದು ಹಿಡಿ ಹಾಕಿದರೆ ವಾಸನೆ ಇಲ್ಲ, ನೀರು ಬೇಡ. ಆ ಬಕೆಟ್ಟನ್ನು ಕಾಡಂಚಿನಲ್ಲಿ ಖಾಲಿ ಮಾಡದೆ ಮನೆಗೆ ತಂದು ಗುಂಡಿಯಲ್ಲಿ ಚೆನ್ನಾಗಿ ಕಳಿಯಲು ಬಿಡಬೇಕು. ಈ ಕೆಲಸ ಯಾರದು ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಲಿ. ಸ್ನೇಹ ಕೆಡುವುದು ಇಂಥದ್ದರಲ್ಲೇ.

ಡೀಸೆಲನ್ನೇ ಬಿಡಬಾರದೇ ಎಂದು ಕೇಳಬಹುದು. ಹೊಂಗೆ ಎಣ್ಣೆಯಲ್ಲಿ ಎಂಜಿನ್ ಓಡಿಸುವ ಕೆಲಸಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಇಲ್ಲೇ ಅಡಿಪಾಯ ಹಾಕಿದರು, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಆದರೆ ಹಸಿ ಎಣ್ಣೆ ತಡೆಯುವುದು ಹಳೆಯ ನಿಧಾನಗತಿಯ ಎಂಜಿನ್ನುಗಳು. ಬಿಎಸ್-4 ಗಾಡಿಯ ಸೂಕ್ಷ್ಮ ನಾಝಲಿಗೆ ಅದು ಗೋಂದು. ಸಂಸ್ಕರಿಸಿದ ಬಯೋಡೀಸೆಲ್ ನಂಬಿಕಸ್ಥ ಕಡೆ ಸಿಕ್ಕರೆ, ತಯಾರಕರು ಒಪ್ಪುವ ಪ್ರಮಾಣದಲ್ಲಿ ಬೆರೆಸಬಹುದು. ಎಲೆಕ್ಟ್ರಿಕ್‌ಗೆ ಬದಲಿಸುವುದು ಗೆಳೆಯರ ಬಳಗದ ಕಿಸೆಗೆ ಸದ್ಯಕ್ಕೆ ಎಟಕದು. ಕೈಯಲ್ಲೇ ಇರುವ ಉಪಾಯ ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರ ಬದಲು 80ರಲ್ಲಿ ಓಡಿಸಿದರೆ ತಡೆ ಮುಕ್ಕಾಲು ಪಾಲಿಗೂ ಹೆಚ್ಚು ಏರುತ್ತದೆ. ಅರವತ್ತಕ್ಕೆ ನಿಂತರೆ ಮೈಲೇಜೂ ಉಳಿದೀತು, ಮಾತುಕತೆಯೂ ಕೇಳಿಸೀತು. ಬಂಡೀಪುರದ ಹೆದ್ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುವುದನ್ನು ಗಮನದಲ್ಲಿಟ್ಟು ದಿನದ ದಾರಿ ಹಾಕಿಕೊಳ್ಳಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ. ಇಷ್ಟೆಲ್ಲ ಯಾಕೆ, ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಜೋಗಕ್ಕೆ ಬಸ್ಸಿದೆ; ಕರಾವಳಿಯುದ್ದಕ್ಕೂ ಕೊಂಕಣ ರೈಲು ಈಗ ವಿದ್ಯುತ್ತಿನಲ್ಲೇ ಓಡುತ್ತದೆ. ನಿಜ. ಇಬ್ಬರು ಮೂವರು ಹೋಗುವುದಾದರೆ ರೈಲೇ ಹಸಿರು, ಇದರಲ್ಲಿ ವಾದವಿಲ್ಲ. ಒಂದೇ ಒಂದು ಸಲ ಮೂವತ್ತು ನಲವತ್ತು ಜನ ಹೋಗುವುದಾದರೂ ಪ್ರಾಸಂಗಿಕ ಕರಾರಿನ ಮೇಲೆ ಕೆಎಸ್‌ಆರ್‌ಟಿಸಿ ಬಸ್ಸು ಪಡೆಯುವುದು ಲೇಸು. ಸ್ವಂತ ಬಸ್ಸಿಗೆ ಅರ್ಥ ಬರುವುದು ಇವೆರಡರ ನಡುವೆ: ಹತ್ತು ಹದಿನೈದು ಜನರ ಬಳಗ, ವರ್ಷಕ್ಕೆ ಹಲವು ಸಲ, ಬಸ್ಸು ರೈಲು ಹೋಗದ ಹಳ್ಳಿ ಕಾಡುಗಳಲ್ಲಿ ಹೆಚ್ಚು ದಿನ ತಂಗುವ ಪ್ರವಾಸ. ಅದೂ ಮೂರು ನಾಲ್ಕು ಮನೆಯವರು ಸೇರಿ ಕೊಂಡು, ಸರದಿಯಲ್ಲಿ ಬಳಸಿದರೆ. ಆರ್‌ಸಿ ಒಬ್ಬರ ಹೆಸರಿನಲ್ಲೇ ಇರುವುದರಿಂದ ಖರ್ಚು, ರಿಪೇರಿ, ಅಪಘಾತದ ಹೊಣೆ ಕುರಿತು ಒಂದು ಕರಾರುಪತ್ರ ಬರೆದುಕೊಳ್ಳಿ.

ಮೊದಲ ಪ್ರವಾಸಕ್ಕೆ ಮುನ್ನ ಎಪಿಎಂಸಿ ಹತ್ತಿರದ ಯಾವುದಾದರೂ ವೇಬ್ರಿಡ್ಜಿಗೆ ಗಾಡಿ ಒಯ್ಯಿರಿ. ನೀರು ತುಂಬಿಸಿ, ಸಿಲಿಂಡರ್, ಗುಡಾರ, ಅಕ್ಕಿ ಬೇಳೆ ಎಲ್ಲ ಏರಿಸಿ, ಹೊರಡುವವರೆಲ್ಲ ಕೂತು ತೂಗಿಸಿ. ಬಂದ ಚೀಟಿಯನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಪಕ್ಕ ಇಟ್ಟು ನೋಡಿ. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿಸಿದರೆ ಹಿಂಭಾರವೂ ತಿಳಿಯುತ್ತದೆ. ಮಿತಿ ಮೀರಿದ್ದರೆ ಮೊದಲು ಇಳಿಸಬೇಕಾದದ್ದು ಮರದ ಬೀರು, ಆಮೇಲೆ ಎರಡನೆಯ ದಿನದ ನೀರು. ಜನರನ್ನು ಮಾತ್ರ ಇಳಿಸಬೇಡಿ.